ಹತ್ತು ವರ್ಷದ ಲ್ಯಾಪ್‌ಟಾಪಿಗೆ ಅಪ್‌ಡೇಟ್ ಹಾಕಿದ್ದು

ಡೊಂಬಿವಲಿಯ ಕನ್ನಡ ಸಂಘವೊಂದರ ಕಚೇರಿಯ ಲ್ಯಾಪ್‌ಟಾಪ್ ಇದು, 2015ರದ್ದು. ಇಂಟೆಲ್ ಕೋರ್ ಐ3-5005ಯು, 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಇತ್ತು, ಆದರೆ 1909ನೇ ಆವೃತ್ತಿಗೇ ನಿಂತುಹೋಗಿತ್ತು. ಸದಸ್ಯರ ಪಟ್ಟಿ, ಲೆಕ್ಕಪತ್ರದ ಎಕ್ಸೆಲ್ ಹಾಳೆಗಳು, ವಾರ್ಷಿಕ ಸಂಚಿಕೆಯ ನುಡಿ ಫೈಲುಗಳು, ಮಹಾನಗರಪಾಲಿಕೆಗೆ ಬರೆದ ಮರಾಠಿ ಅರ್ಜಿಗಳು, ಎಲ್ಲವೂ ಅದರಲ್ಲೇ. ಕಾರ್ಯದರ್ಶಿಗಳ ದೂರು ಒಂದೇ ಸಾಲಿನದು: "ಅಪ್‌ಡೇಟ್ ಅಂತ ತಿರುಗ್ಲಿಕ್ಕೆ ಶುರುವಾದ್ರೆ ನಿಲ್ಲುದೇ ಇಲ್ಲ ಮಾರಾಯ್ರೆ, ಕೊನೆಗೆ ಆಗ್ಲಿಲ್ಲ ಅಂತ ಹೇಳ್ತದೆ."

ಹಳೇ ಮಶೀನಿನಲ್ಲಿ ಅಪ್‌ಡೇಟ್ ಕೈಕೊಟ್ಟರೆ ಬೈಗುಳವೆಲ್ಲ ಅಪ್‌ಡೇಟಿಗೇ ಹೋಗುತ್ತದೆ. ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಸಿಗುವುದು ಸಾಯುತ್ತಿರುವ ಡಿಸ್ಕ್, ತಪ್ಪು ತೋರಿಸುವ ಗಡಿಯಾರ, ಸಾಲದ ಜಾಗ, ಇಲ್ಲವೇ ಯಾವ ಕಾಲದ್ದೋ ಒಂದು ಡ್ರೈವರ್. ಇವುಗಳಲ್ಲಿ ಯಾವುದು ಅಂತ ಗೊತ್ತಾಗುವ ಮೊದಲೇ ಯೂಟ್ಯೂಬ್ ನೋಡಿಕೊಂಡು ಕಮಾಂಡ್ ಹೊಡೆಯಲು ಕೂತರೆ ಅರ್ಧ ಜೀವದ ಡಿಸ್ಕ್ ಪೂರ್ತಿ ಹೋಗುತ್ತದೆ. ಹಾಗಾಗಿ ನಾವು ಮೊದಲು ಮಾಡುವುದು ಅಪ್‌ಡೇಟನ್ನು ನಿಲ್ಲಿಸುವ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಆಂಡ್ ಸೆಕ್ಯುರಿಟಿ, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್. ಅಲ್ಲಿ 35 ದಿನದವರೆಗೆ ತಡೆಹಿಡಿಯಬಹುದು. ಕಚೇರಿಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದೆ ಯಾರದೋ ಫೋನಿನ ಹಾಟ್‌ಸ್ಪಾಟಿನಲ್ಲಿ ನಡೆಯುವ ಮಶೀನಾದರೆ ಆ ವೈಫೈಯನ್ನು ಮೀಟರ್ಡ್ ಕನೆಕ್ಷನ್ ಅಂತ ಗುರುತು ಮಾಡಿಡಬೇಕು. ತಿಂಗಳ ಅಪ್‌ಡೇಟ್ ಒಂದೊಂದೂ ಅರ್ಧ ಜಿಬಿಗಿಂತ ದೊಡ್ಡದು. ಅರ್ಧಕ್ಕೆ ಡೇಟಾ ಮುಗಿದರೆ ಅದು ಮತ್ತೆ ಮತ್ತೆ ಎಳೆಯಲು ನೋಡುತ್ತದೆ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ನೋಡಿದೆವು. 100 ಶೇಕಡಾ ಅಂತ ಕೆಂಪಾಗಿರುವುದು ಹಾರ್ಡ್ ಡಿಸ್ಕ್ ಇರುವ ಎಲ್ಲ ವಿಂಡೋಸ್ 10 ಮಶೀನಿನಲ್ಲೂ ಕಾಣುವುದೇ, ಅದರಿಂದ ಏನೂ ತೀರ್ಮಾನಿಸಲಾಗದು. ನೋಡಬೇಕಾದದ್ದು ಅದರ ಕೆಳಗಿನ ಎರಡು ಅಂಕಿ: ಓದುವ ವೇಗ ಮತ್ತು ಸರಾಸರಿ ರೆಸ್ಪಾನ್ಸ್ ಟೈಮ್. ಆರೋಗ್ಯವಾಗಿರುವ ಹಾರ್ಡ್ ಡಿಸ್ಕ್ ಒತ್ತಡದಲ್ಲಿದ್ದಾಗ ಹತ್ತಾರು, ಹೆಚ್ಚೆಂದರೆ ನೂರಿನ್ನೂರು ಮಿಲಿಸೆಕೆಂಡ್ ತೋರಿಸುತ್ತದೆ. ಇಲ್ಲಿ ಓದುವ ವೇಗ ಸೆಕೆಂಡಿಗೆ 1 ಎಂಬಿಯೂ ಇಲ್ಲ, ರೆಸ್ಪಾನ್ಸ್ ಟೈಮ್ 3,000 ದಾಟಿತ್ತು. ಅಂದರೆ ಡಿಸ್ಕ್ ಒಂದೇ ಜಾಗವನ್ನು ಓದಲು ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದಾಗ ಹಳದಿ ಬಣ್ಣದ 'ಕಾಶನ್' ಬಂತು. ಈ ತಂತ್ರಾಂಶ ತೋರಿಸುವ ಪಟ್ಟಿಯಲ್ಲಿ ಮೂರು ಸಾಲು ಮುಖ್ಯ: 05, ಅಂದರೆ ಕೆಟ್ಟು ಬದಲಾಯಿಸಲ್ಪಟ್ಟ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ಖಾನೆಗಳು), ಸಿ5, ಓದಲಾಗದೆ ಬಾಕಿ ಉಳಿದವು, ಸಿ6, ಸರಿಪಡಿಸಲಾಗದವು. ಕೊನೆಯ ಕಾಲಮ್ಮಿನ ಅಂಕಿಗಳು ಹದಿನಾರರ ಲೆಕ್ಕದಲ್ಲಿರುತ್ತವೆ ಎಂಬುದನ್ನು ಮರೆಯಬಾರದು. ಸಿ5 ಎದುರು 18 ಅಂತಿದ್ದರೆ ಅದು ನಮ್ಮ ಲೆಕ್ಕದ 24. ಸಿ5 ಸೊನ್ನೆಯಲ್ಲದ ಡಿಸ್ಕಿನ ಮೇಲೆ ವಿಂಡೋಸಿನ ಡಿಸ್ಕ್ ತಪಾಸಣೆಯ ಕಮಾಂಡ್ ಚೆಕ್‌ಡಿಸ್ಕ್ /ಆರ್ ಓಡಿಸಬೇಡಿ. ಓಡಿಸಿ ಅಂತಲೇ ಎಲ್ಲರೂ ಸಲಹೆ ಕೊಡುತ್ತಾರೆ, ಆದರೆ ಅದು ಡಿಸ್ಕಿನ ಪ್ರತಿಯೊಂದು ಸೆಕ್ಟರನ್ನೂ ಓದುತ್ತದೆ. ಬಳಲಿದ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ಮೊದಲು ಫೈಲುಗಳು ಹೊರಗೆ ಬರಬೇಕು, ಉಳಿದದ್ದೆಲ್ಲ ಆಮೇಲೆ.

ಫೈಲು ತೆಗೆಯಲು ವಿಂಡೋಸ್ ಒಳಗೆ ಹೋಗುವ ಅಗತ್ಯವೂ ಇಲ್ಲ. 8 ಜಿಬಿ ಪೆನ್ ಡ್ರೈವಿನಲ್ಲಿ ವಿಂಡೋಸಿನ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ ಹಾಕಿ ಅದರಿಂದಲೇ ಬೂಟ್ ಮಾಡಿ, ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆವು. ವಿಂಡೋಸನ್ನು ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಮಾಡಿರಬೇಕು. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಡಿಸ್ಕ್ ಅರ್ಧ ನಿದ್ದೆಯಲ್ಲಿದ್ದು ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ. ಕಾಪಿಗೆ ಅದೂ ಸಾಕು. ಬಳಕೆದಾರರ ಫೋಲ್ಡರ್, ಡಿ ಡ್ರೈವ್ ಎಲ್ಲರೂ ತೆಗೆದುಕೊಳ್ಳುತ್ತಾರೆ. ಕನ್ನಡದ ಮಶೀನಾದರೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ತೆಗೆದುಕೊಳ್ಳಿ. ಕಾರಣ ಮುಂದೆ ಬರುತ್ತದೆ.

ಇನ್ನು ಹಳೇ ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಮುಂಬೈಯ ಲ್ಯಾಮಿಂಗ್ಟನ್ ರೋಡಿಗೆ ಡೊಂಬಿವಲಿಯಿಂದ ಹೋಗುವುದಾದರೆ ದಾದರಿನಲ್ಲಿ ಪಶ್ಚಿಮ ಲೈನಿಗೆ ಬದಲಾಯಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಪೂರ್ವಕ್ಕೆ ಹೊರಬರಬೇಕು. ಭಾನುವಾರ ಬಹುತೇಕ ಅಂಗಡಿಗಳು ಬಂದ್. ಕೇಳಬೇಕಾದದ್ದು 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ. ಈ ವಯಸ್ಸಿನ ಲ್ಯಾಪ್‌ಟಾಪಿನಲ್ಲಿ ಎಂ.2 ಸ್ಲಾಟ್ ಇದ್ದರೂ ಅದು ಸಾಟಾ ಮಾತ್ರ ಒಪ್ಪುವಂಥದ್ದಾಗಿರಬಹುದು, ಎನ್‌ವಿಎಂಇ ಕಡ್ಡಿ ತಂದರೆ ಕೂತರೂ ಕಾಣಿಸುವುದಿಲ್ಲ. ಹೆಸರು ಕೇಳದ ಬ್ರ್ಯಾಂಡಿನ ಅಗ್ಗದ ಮಾಲು ಕೊಡಲು ಬಂದರೆ ಅಲ್ಲೇ ಯುಎಸ್‌ಬಿ ಕೇಬಲಿಗೆ ಹಾಕಿ ಪವರ್-ಆನ್ ಅವರ್ಸ್ ನೋಡಿ. ಹೊಸದು ಅಂತ ಹೇಳಿದ್ದು ಸಾವಿರಾರು ಗಂಟೆ ಓಡಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಅಳತೆಯ ವಿಷಯದಲ್ಲಿ ಒಂದು ಗುಂಡಿ ಇದೆ, ಬಹಳ ಜನ ಅದಕ್ಕೆ ಬೀಳುತ್ತಾರೆ. 500 ಜಿಬಿ ಹಾರ್ಡ್ ಡಿಸ್ಕ್ ಇದೆ, 480 ಜಿಬಿ ಎಸ್‌ಎಸ್‌ಡಿ ಸಾಕಲ್ಲ, ಹೇಗೂ ಅರ್ಧ ಖಾಲಿಯಿದೆ ಅನಿಸುತ್ತದೆ. ಆದರೆ ಡಿಸ್ಕಿನಿಂದ ಡಿಸ್ಕಿಗೆ ಕ್ಲೋನ್ ಮಾಡುವಾಗ, ಅಂದರೆ ಇಡೀ ಡಿಸ್ಕನ್ನು ಹಾಗೇ ನಕಲು ಮಾಡುವಾಗ, ಲೆಕ್ಕಕ್ಕೆ ಬರುವುದು ತುಂಬಿದ ಜಾಗವಲ್ಲ, ಒಟ್ಟು ಸೆಕ್ಟರು. 500 ಜಿಬಿಯ ಡಿಸ್ಕಿನಲ್ಲಿ 976,773,168 ಸೆಕ್ಟರ್, 480ರದ್ದರಲ್ಲಿ 937,703,088. ಸುಮಾರು 20 ಜಿಬಿ ಕಡಿಮೆ. ಈ ನಕಲು ಮಾಡುವ ತಂತ್ರಾಂಶ ಕ್ಲೋನ್‌ಜಿಲ್ಲಾ ಇದನ್ನು ಕಂಡ ಕೂಡಲೇ ನಿಂತುಬಿಡುತ್ತದೆ. ಗಾತ್ರದ ತಪಾಸಣೆ ಬಿಡುವ ಆಯ್ಕೆ ಎಕ್ಸ್‌ಪರ್ಟ್ ಮೋಡಿನಲ್ಲಿದೆ, ಪಾರ್ಟಿಷನ್ (ಡಿಸ್ಕಿನ ಪಾಲು) ಕುಗ್ಗಿಸಿಕೊಂಡು ಮಾಡಬಹುದು. ಆದರೆ ಡಿಸ್ಕಿನ ತುದಿಯಲ್ಲಿ ರಿಕವರಿ ಪಾರ್ಟಿಷನ್ ಕೂತಿದ್ದರೆ ಅದು ಹೊರಗುಳಿದು ಕೆಡುತ್ತದೆ. 500 ಅಥವಾ 512 ಜಿಬಿಯದ್ದನ್ನೇ ತಂದರೆ ಈ ತಲೆನೋವಿಲ್ಲ. ನಾವು ತಂದದ್ದು 500. ಕೆಟ್ಟ ಸೆಕ್ಟರುಗಳಿದ್ದ ಕಾರಣ ಕ್ಲೋನ್‌ಜಿಲ್ಲಾದ ರೆಸ್ಕ್ಯೂ ಆಯ್ಕೆ ಹಾಕಿದೆವು, ಅದು ಓದಲಾಗದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಕ್ಲೋನ್ ಮುಗಿದ ಮೇಲೆ ಹಳೆಯ ಮತ್ತು ಹೊಸ ಡಿಸ್ಕ್ ಎರಡನ್ನೂ ಸಿಕ್ಕಿಸಿ ವಿಂಡೋಸ್ ಬೂಟ್ ಮಾಡಬಾರದು. ಎರಡಕ್ಕೂ ಗುರುತಿನ ಸಂಖ್ಯೆ ಒಂದೇ ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ.

ಬಿಚ್ಚುವ ಮೊದಲು ಚಾರ್ಜರ್ ತೆಗೆದು, ಬ್ಯಾಟರಿ ತೆಗೆದು, ಪವರ್ ಬಟನ್ 15-20 ಸೆಕೆಂಡ್ ಒತ್ತಿ ಹಿಡಿಯಬೇಕು. ತಳದ ಸ್ಕ್ರೂಗಳಲ್ಲಿ ಒಂದೆರಡು ರಬ್ಬರ್ ಕಾಲಿನಡಿ ಅಥವಾ ಡಿವಿಡಿ ಡ್ರೈವಿನ ಒಳಗೆ ಅಡಗಿರುತ್ತವೆ. ತಳ ಏಳಲಿಲ್ಲವೆಂದರೆ ಬಲ ಹಾಕುವುದಲ್ಲ, ಸ್ಕ್ರೂ ಹುಡುಕುವುದು. ನಾಲ್ಕು ತಿಂಗಳ ಮಳೆಗಾಲದ ತೇವ ಮುಂಬೈ ಮಶೀನುಗಳ ಒಳಗೆ ಕಾಣಿಸುತ್ತದೆ: ರ‍್ಯಾಮಿನ ಚಿನ್ನದ ಹಲ್ಲುಗಳ ಮೇಲೆ ಮಬ್ಬು, ಸ್ಕ್ರೂ ತಲೆಗೆ ತುಕ್ಕು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆವು. ರ‍್ಯಾಮ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ: ಖಾಲಿ ಸ್ಲಾಟಿಗೆ ಇನ್ನೊಂದು 4 ಜಿಬಿ, 204 ಪಿನ್ನಿನ ಡಿಡಿಆರ್3ಎಲ್, 1600. 'ಎಲ್' ಇಲ್ಲದ 1.5 ವೋಲ್ಟಿನದ್ದು ಇದರಲ್ಲಿ ನಡೆಯುವುದಿಲ್ಲ, 1.35 ವೋಲ್ಟಿನದ್ದೇ ಬೇಕು.

ತಳ ತೆರೆದಿರುವಾಗಲೇ ಸೀಮಾಸ್ ಬ್ಯಾಟರಿಯನ್ನೂ ನೋಡಿಬಿಡಬೇಕು. ಸಿಆರ್2032, ಗಡಿಯಾರವನ್ನು ನಡೆಸುವ 3 ವೋಲ್ಟಿನ ಬಿಲ್ಲೆ. ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಎರಡು ವಯರು, ಚಿಕ್ಕ ಕನೆಕ್ಟರು ಸೇರಿ ಪ್ಲಾಸ್ಟಿಕ್ ಸುತ್ತಿಕೊಂಡು ಬರುತ್ತದೆ. ಮೀಟರಿನಲ್ಲಿ 2.4 ತೋರಿಸಿತು. ಇದಕ್ಕೂ ಅಪ್‌ಡೇಟಿಗೂ ಏನು ಸಂಬಂಧ ಅಂದರೆ, ಚಾರ್ಜರ್ ತೆಗೆದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿತ್ತು. ತಾರೀಕು ತಪ್ಪಿದರೆ ಸರ್ವರಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಮಶೀನು ತಿಳಿಯುತ್ತದೆ, ಸಂಪರ್ಕ ಕಡಿಯುತ್ತದೆ. ಅಪ್‌ಡೇಟ್ ಪುಟದಲ್ಲಿ 0ಎಕ್ಸ್80072ಎಫ್8ಎಫ್ ಕಂಡರೆ ಮೊದಲು ಗಡಿಯಾರ ನೋಡಿ, ಬೇರೇನೂ ಮುಟ್ಟಬೇಡಿ. ಇಂಟರ್‌ನೆಟ್ಟಿಗೆ ಹಾಕಿದರೆ ತಾನೇ ಸರಿಹೋಗುತ್ತದೆ ಅಂತಲೂ ಕಾಯುವಂತಿಲ್ಲ: ವಿಂಡೋಸಿನ ಟೈಮ್ ಸರ್ವಿಸ್ ಮಾಮೂಲಿಯಾಗಿ 15 ಗಂಟೆಗಿಂತ ಹೆಚ್ಚಿನ ವ್ಯತ್ಯಾಸವನ್ನು ತಾನಾಗಿ ತಿದ್ದುವುದಿಲ್ಲ. ಒಮ್ಮೆ ಕೈಯಿಂದ ತಾರೀಕು ಕೂರಿಸಿದರೆ ಉಳಿದ ನಿಮಿಷಗಳನ್ನು ಅದು ನೋಡಿಕೊಳ್ಳುತ್ತದೆ.

ಬಿಲ್ಲೆ ಬದಲಾಯಿಸಿದರೆ ವಿಂಡೋಸಿಗೆ ಮೊದಲೇ ಏಳುವ ಬಯಾಸಿನ ಸೆಟ್ಟಿಂಗುಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ಅದಕ್ಕೆ ಮೊದಲೇ ಸಾಟಾ ಮೋಡ್ ಎಎಚ್‌ಸಿಐ ಇದೆಯೋ ರೇಡ್ ಇದೆಯೋ, ಬೂಟ್ ಮೋಡ್ ಯುಇಎಫ್‌ಐಯೋ ಲೆಗಸಿಯೋ, ಎರಡನ್ನೂ ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಸಾಟಾ ಮೋಡ್ ಬದಲಾದರೆ ನೀಲಿ ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಬರುತ್ತದೆ, ಹೊಸ ಎಸ್‌ಎಸ್‌ಡಿಯೇ ಕೆಟ್ಟದ್ದು ಅಂತ ಜನ ಅಂಗಡಿಗೆ ವಾಪಸ್ ಓಡುತ್ತಾರೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ಮಶೀನಾದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿಲ್ಲದೆ ಬಯಾಸ್ ಮುಟ್ಟಲೇಬಾರದು.

ಎಸ್‌ಎಸ್‌ಡಿಯಿಂದ ಬೂಟ್ ಆದ ಮೇಲೆ ಮಶೀನು ಬೇರೆಯೇ ಅನಿಸಿತು, ಅದನ್ನು ವರ್ಣಿಸುವ ಅಗತ್ಯವಿಲ್ಲ. ಹೊಸ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ /ಎಫ್, ಆಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಐಎಸ್ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್, ಅದು ಮುಗಿದ ನಂತರ ಎಸ್‌ಎಫ್‌ಸಿ /ಸ್ಕ್ಯಾನ್‌ನೌ. ಈ ಕ್ರಮ ಬದಲಾಗಬಾರದು: ಎಸ್‌ಎಫ್‌ಸಿ ಸಿಸ್ಟಮ್ ಫೈಲುಗಳನ್ನು ಸರಿಮಾಡುವುದು ಒಂದು ದಾಸ್ತಾನಿನಿಂದ ತೆಗೆದು, ಆ ದಾಸ್ತಾನನ್ನೇ ಸರಿಮಾಡುವುದು ಡಿಐಎಸ್ಎಂ. ಹಳೇ ಡಿಸ್ಕಿನ ಓದಲಾಗದ ಸೆಕ್ಟರುಗಳು ಕೆಲವು ಸಿಸ್ಟಮ್ ಫೈಲುಗಳ ಜಾಗದಲ್ಲೇ ಇದ್ದವು, ಎಸ್‌ಎಫ್‌ಸಿ ಅವನ್ನು ತುಂಬಿತು. ಡಿಐಎಸ್ಎಂಗೆ ಮೂಲ ಸಿಗದೆ 0ಎಕ್ಸ್800ಎಫ್081ಎಫ್ ಬಂದರೆ ಅದೇ ಆವೃತ್ತಿಯ ಐಎಸ್ಒ (ವಿಂಡೋಸ್ ಸೆಟಪ್ಪಿನ ಇಡೀ ಕಟ್ಟು ಇರುವ ಫೈಲ್) ತೆರೆದು, ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್ ಫೈಲನ್ನು ಮೂಲವಾಗಿ ತೋರಿಸಬೇಕು.

ಎಲ್ಲರ ಬಾಯಲ್ಲಿರುವ ಇನ್ನೊಂದು ಮದ್ದು ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರ್ ಅಳಿಸುವುದು. ಅದರಿಂದ ಹೋಗುವುದು ಇಳಿಸಿಟ್ಟ ಅಪ್‌ಡೇಟುಗಳು ಮತ್ತು ಇತಿಹಾಸದ ಪಟ್ಟಿ ಅಷ್ಟೇ. ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದ್ದರೆ ಉಪಯೋಗ; ಡಿಸ್ಕ್ ಕೆಟ್ಟಿದ್ದರೆ ಇಲ್ಲ. ಮಾಡುವುದಾದರೆ ವಿಂಡೋಸ್ ಅಪ್‌ಡೇಟ್, ಬಿಟ್ಸ್, ಕ್ರಿಪ್ಟೋಗ್ರಾಫಿಕ್ ಈ ಮೂರು ಸರ್ವಿಸುಗಳನ್ನು ನಿಲ್ಲಿಸಿ, ಫೋಲ್ಡರಿನ ಹೆಸರು ಬದಲಾಯಿಸಿ, ಮತ್ತೆ ಶುರುಮಾಡಿ.

1909ರಿಂದ 22ಎಚ್2ಗೆ ಹೋಗಬೇಕಿತ್ತು. ವಿಂಡೋಸ್ 10ರ ಕೊನೆಯ ಆವೃತ್ತಿ ಅದು, ವಿನ್‌ವರ್ ಅಂತ ಟೈಪ್ ಮಾಡಿದರೆ ಬಿಲ್ಡ್ 19045 ತೋರಿಸುತ್ತದೆ. ಮಶೀನು 2004ನೇ ಅಥವಾ ಅದಕ್ಕಿಂತ ಮುಂದಿನ ಆವೃತ್ತಿಯಲ್ಲಿದ್ದರೆ ಕೆಬಿ5015684 ಎಂಬ ಸಣ್ಣ ಪ್ಯಾಕೇಜಿನಲ್ಲೇ ಕೆಲಸ ಮುಗಿಯುತ್ತದೆ, ಫೈಲುಗಳು ಆಗಲೇ ಒಳಗಿದ್ದು ಕೀಲಿ ತಿರುಗಿಸುವುದಷ್ಟೇ ಬಾಕಿ. 1909ಕ್ಕೆ ಆ ಭಾಗ್ಯವಿಲ್ಲ, ಇಡೀ ವಿಂಡೋಸೇ ಹೊಸದಾಗಿ ಇಳಿಯಬೇಕು. ಸಿ ಡ್ರೈವಿನಲ್ಲಿ ಕನಿಷ್ಠ 20 ಜಿಬಿ ಖಾಲಿ ಬೇಕು. ಪವರ್‌ಸಿಎಫ್‌ಜಿ /ಎಚ್ ಆಫ್ ಎಂದರೆ ಹೈಬರ್ನೇಷನ್ ಫೈಲ್ ಹೋಗಿ ಮೂರು ಜಿಬಿಯಷ್ಟು ಸಿಗುತ್ತದೆ. ಸೆಟ್ಟಿಂಗ್ಸಿನ ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಕಾಣುತ್ತದೆ, ಅದಕ್ಕೆ ಟಿಕ್ ಹಾಕಬೇಡಿ. ಸಂಘದ ಮಶೀನುಗಳಲ್ಲಿ ಆಮಂತ್ರಣ ಪತ್ರಿಕೆಯಿಂದ ಆಡಿಟ್ ವರದಿಯವರೆಗೆ ಎಲ್ಲವೂ ಡೌನ್‌ಲೋಡ್ಸಿನಲ್ಲೇ ಬದುಕುತ್ತವೆ.

ಐಎಸ್ಒ ಇಳಿಸುವಾಗ ಭಾಷೆ ನೋಡಿ. ಇಂಗ್ಲಿಷಿನಲ್ಲೇ ಎರಡಿದೆ: ಅಮೆರಿಕದ್ದು ಮತ್ತು ಇಂಟರ್‌ನ್ಯಾಷನಲ್. ಮಶೀನಿನಲ್ಲಿರುವುದು ಒಂದು, ಐಎಸ್ಒ ಇನ್ನೊಂದು ಆದರೆ ಸೆಟಪ್ಪಿನಲ್ಲಿ 'ಫೈಲುಗಳು ಮತ್ತು ಆ್ಯಪುಗಳನ್ನು ಉಳಿಸಿಕೊಳ್ಳಿ' ಎಂಬ ಸಾಲು ಮಂಕಾಗಿ ಒತ್ತಲು ಬರುವುದಿಲ್ಲ. ಗಮನಿಸದೆ ಮುಂದಕ್ಕೆ ಹೋದರೆ ಎಲ್ಲ ತಂತ್ರಾಂಶಗಳೂ ಹೋಗುತ್ತವೆ. ಡಿಐಎಸ್ಎಂ /ಆನ್‌ಲೈನ್ /ಗೆಟ್-ಇಂಟ್ಲ್ ಎಂದು ಕೇಳಿದರೆ ಮೂಲ ಭಾಷೆ ಇಎನ್-ಯುಎಸ್ಸೋ ಇಎನ್-ಜಿಬಿಯೋ ಅಂತ ಹೇಳುತ್ತದೆ. ಭಾರತದಲ್ಲಿ ಮಾರಾಟವಾದ ಲ್ಯಾಪ್‌ಟಾಪುಗಳಲ್ಲಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಇರುವುದು ಸಾಮಾನ್ಯ. ಮೀಡಿಯಾ ಕ್ರಿಯೇಷನ್ ಟೂಲಿನಿಂದ ಇಳಿಸಿದ್ದರಲ್ಲಿ ಅದೂ ಸೇರಿರುತ್ತದೆ.

ಸೆಟಪ್ ಶುರುಮಾಡುವ ಮುನ್ನ ಮೌಸ್ ಬಿಟ್ಟು ಉಳಿದೆಲ್ಲ ಯುಎಸ್‌ಬಿ ಸಾಮಾನು ತೆಗೆದೆವು, ಅವಧಿ ಮುಗಿದ ಆಂಟಿವೈರಸ್ ಕಿತ್ತುಹಾಕಿದೆವು. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದ್ದರಿಂದ ಇನ್ವರ್ಟರ್ ಇರುವ ಪಾಯಿಂಟಿಗೇ ಚಾರ್ಜರ್ ಹಾಕಬೇಕು. ಕರೆಂಟ್ ಕ್ಷಣ ಹೋದರೂ ಸಾಕು, 'ಅನ್‌ಡೂಯಿಂಗ್ ಚೇಂಜಸ್' ಶುರು. ಹಾಗಿದ್ದೂ ಮೊದಲನೆಯ ಸುತ್ತು ಹಿಂದಕ್ಕೆ ಬಂತು, 0ಎಕ್ಸ್‌ಸಿ1900101. ಇದು ಬಹುತೇಕ ಡ್ರೈವರ್ ತಕರಾರು. ಸಿ ಡ್ರೈವಿನಲ್ಲಿ ಅಡಗಿರುವ ಬಿಟಿ ಫೋಲ್ಡರಿನ ಒಳಗೆ ಸೋರ್ಸಸ್, ಅದರೊಳಗೆ ಪ್ಯಾಂಥರ್, ಅಲ್ಲಿ ಸೆಟಪ್‌ಎರರ್ ಲಾಗ್ ಇರುತ್ತದೆ. ಓದಿದಾಗ ಸಿಕ್ಕಿದ್ದು ಹಳೆಯ ಡಿಟಿಪಿ ತಂತ್ರಾಂಶವೊಂದರ ಹಾರ್ಡ್‌ವೇರ್ ಲಾಕ್ ಡ್ರೈವರ್. ಡಾಂಗಲ್ ಕಳೆದುಹೋಗಿ ವರ್ಷಗಳಾಗಿದ್ದರೂ ಡ್ರೈವರ್ ಮಾತ್ರ ಪ್ರತಿ ಸಲ ಬೂಟ್ ಆಗುವಾಗ ಎದ್ದು ಕೂರುತ್ತಿತ್ತು. ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಕೊಟ್ಟರೆ ಮಂಕಾಗಿ ಕಾಣುತ್ತದೆ. ಅಲ್ಲಿಂದ ಡ್ರೈವರ್ ಸಮೇತ ತೆಗೆದೆವು. ಮುಂದಿನ ಸುತ್ತು ತಡೆಯಿಲ್ಲದೆ ಮುಗಿಯಿತು. ಶೇಕಡಾವಾರು ಅಂಕಿ ಒಂದೇ ಕಡೆ ನಿಂತಿದೆ ಅಂತ ಪವರ್ ಬಟನ್ ಒತ್ತಬೇಡಿ, ಡಿಸ್ಕಿನ ಚಿಕ್ಕ ದೀಪ ಮಿನುಗುತ್ತಿರುವಷ್ಟು ಹೊತ್ತು ಕೆಲಸ ನಡೆಯುತ್ತಿದೆ. ಹಳೆಯ ವಿಂಡೋಸಿಗೆ ಮರಳುವ ದಾರಿ 10 ದಿನ ತೆರೆದಿರುತ್ತದೆ, ಆಮೇಲೆ ವಿಂಡೋಸ್.ಓಲ್ಡ್ ಫೋಲ್ಡರ್ ತಾನೇ ಅಳಿಯುತ್ತದೆ.

22ಎಚ್2 ಆದ ಮೇಲೆ ತಿಂಗಳ ಅಪ್‌ಡೇಟ್ ಸರಾಗ ಬಂತು, ಒಂದು ಮಾತ್ರ 0ಎಕ್ಸ್80070643 ಅಂತ ಹಟ ಹಿಡಿಯಿತು. ಈ ಕೋಡ್ 2024ರ ಜನವರಿಯ ಕೆಬಿ5034441 ಬಂದಾಗಿನಿಂದ ಪ್ರಸಿದ್ಧ. ಕಾರಣ ಸರಳ: ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಬೇಕು, ಹಳೇ ಲ್ಯಾಪ್‌ಟಾಪುಗಳಲ್ಲಿ ಆ ಪಾರ್ಟಿಷನ್ನಿನ ಒಟ್ಟು ಗಾತ್ರವೇ 450-500 ಎಂಬಿ. ಸರಿಮಾಡುವ ಕ್ರಮ ಹೀಗೆ. ರೀಏಜೆಂಟ್‌ಸಿ /ಇನ್ಫೋ ಕೊಟ್ಟು ರಿಕವರಿ ಯಾವ ಪಾರ್ಟಿಷನ್ನಿನಲ್ಲಿದೆ ಅಂತ ನೋಡಿ ಬರೆದುಕೊಳ್ಳಬೇಕು. ರೀಏಜೆಂಟ್‌ಸಿ /ಡಿಸೇಬಲ್. ಆಮೇಲೆ ಡಿಸ್ಕ್‌ಪಾರ್ಟ್ ಒಳಗೆ ಹೋಗಿ ಸಿ ಪಾರ್ಟಿಷನ್ ಆರಿಸಿ 250 ಎಂಬಿ ಕುಗ್ಗಿಸುವುದು, ರಿಕವರಿ ಪಾರ್ಟಿಷನ್ ಆರಿಸಿ ಓವರ್‌ರೈಡ್ ಸಮೇತ ಅಳಿಸುವುದು, ಅದೇ ಜಾಗದಲ್ಲಿ ದೊಡ್ಡದಾಗಿ ಹೊಸದನ್ನು ಮಾಡಿ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಕೊಡುವುದು. ಪಾರ್ಟಿಷನ್ ಪಟ್ಟಿ ಹಳೆಯ ಎಂಬಿಆರ್ ರೀತಿಯ ಡಿಸ್ಕಾದರೆ ಹೊಸ ಪಾರ್ಟಿಷನ್ನಿನ ಐಡಿ 27. ಹೊಸ ರೀತಿಯ ಜಿಪಿಟಿಯಾದರೆ ಉದ್ದನೆಯ ಐಡಿ, ಮೈಕ್ರೋಸಾಫ್ಟಿನ ಪುಟದಿಂದ ಕಾಪಿ ಮಾಡಿಕೊಳ್ಳುವುದೇ ಕ್ಷೇಮ. ಕೊನೆಗೆ ರೀಏಜೆಂಟ್‌ಸಿ /ಎನೇಬಲ್.

ಇದು ನಡೆಯುವುದು ರಿಕವರಿ ಪಾರ್ಟಿಷನ್ ಸಿ ನಂತರ, ಅದಕ್ಕೆ ತಗಲಿಕೊಂಡೇ ಇದ್ದಾಗ ಮಾತ್ರ. ಆ ಕಾಲದ ಅನೇಕ ಲ್ಯಾಪ್‌ಟಾಪುಗಳಲ್ಲಿ ಅದು ಡಿಸ್ಕಿನ ಮೊದಲಿಗೇ ಇರುತ್ತದೆ, ಸಿ ಕುಗ್ಗಿಸಿದರೆ ಜಾಗ ಸಿಗುವುದು ಇನ್ನೊಂದು ತುದಿಯಲ್ಲಿ. ಅಂಥಲ್ಲಿ ಹಳೆಯದನ್ನು ಮುಟ್ಟದೆ ಸಿ ಹಿಂದೆಯೇ ಹೊಸದೊಂದನ್ನು ಮಾಡಬೇಕು. 10-20 ಜಿಬಿಯ ಇನ್ನೊಂದು ರಿಕವರಿ ಕಂಡರೆ ಅದು ತಯಾರಕರು ಇಟ್ಟ ಫ್ಯಾಕ್ಟರಿ ಪಾರ್ಟಿಷನ್, ತಪ್ಪಿ ಅದನ್ನು ಅಳಿಸಬಾರದು. ಡಿಸ್ಕ್‌ಪಾರ್ಟ್ 'ಖಚಿತವೇ?' ಅಂತ ಕೇಳುವುದಿಲ್ಲ. ಅಷ್ಟು ಧೈರ್ಯವಿಲ್ಲದವರು ಈ ಒಂದು ಅಪ್‌ಡೇಟನ್ನು ಹಾಗೇ ಬಿಟ್ಟರೂ ತಿಂಗಳ ಬೇರೆ ಸುರಕ್ಷತಾ ಅಪ್‌ಡೇಟುಗಳು ನಿಲ್ಲುವುದಿಲ್ಲ.

ಇಷ್ಟಾದರೂ ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದರ ಮುಂದೆ ಮನೆಬಳಕೆಯ ಮಶೀನುಗಳಿಗೆ 2026ರ ಅಕ್ಟೋಬರ್ 13ರವರೆಗೆ ಇಎಸ್‌ಯು ಎಂಬ ಹೆಚ್ಚುವರಿ ವರ್ಷ. 22ಎಚ್2 ಇರಲೇಬೇಕು, ನಾವು ಇಷ್ಟೆಲ್ಲ ಹೆಣಗಿದ್ದು ಅದಕ್ಕೇ. ಅಪ್‌ಡೇಟ್ ಪುಟದಲ್ಲೇ 'ಎನ್‌ರೋಲ್ ನೌ' ಕಾಣುತ್ತದೆ. ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ಉಚಿತ, ಇಲ್ಲವೇ 1,000 ರಿವಾರ್ಡ್ ಪಾಯಿಂಟ್, ಇಲ್ಲವೇ 30 ಡಾಲರ್. ಮೂರಕ್ಕೂ ಮೈಕ್ರೋಸಾಫ್ಟ್ ಖಾತೆ ಬೇಕು. ಒಂದು ಖಾತೆಯಲ್ಲಿ 10 ಮಶೀನು ಸೇರಿಸಬಹುದು. ಖಾತೆ ಸಂಘದ ಹೆಸರಿನ ಇಮೇಲಿನಲ್ಲಿರಲಿ. ಕಾರ್ಯದರ್ಶಿಗಳ ಸ್ವಂತ ಖಾತೆಗೆ ಕಟ್ಟಿದರೆ ಮುಂದಿನ ಮಹಾಸಭೆಯಲ್ಲಿ ಸಮಿತಿ ಬದಲಾದಾಗ ಪಾಸ್‌ವರ್ಡ್ ಹುಡುಕಿಕೊಂಡು ಅವರ ಮನೆಗೆ ಹೋಗಬೇಕಾಗುತ್ತದೆ. ಸಿಂಕ್ ಮಾಡುವಾಗ ಸೆಟ್ಟಿಂಗ್ಸ್ ಮಾತ್ರ ಆನ್ ಇಟ್ಟು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಆಫ್ ಮಾಡಿದೆವು. ಒನ್‌ಡ್ರೈವಿನ ಉಚಿತ ಜಾಗ 5 ಜಿಬಿ, ಅದು ಸಂಚಿಕೆಯ ಫೋಟೋಗಳಿಗೇ ತುಂಬುತ್ತದೆ. ಸದಸ್ಯರ ಫೋನ್ ನಂಬರುಗಳು ಕೇಳದೆ ಮೋಡ ಸೇರುವುದೂ ಸರಿಯಲ್ಲ.

ವಿಂಡೋಸ್ 11 ಯಾಕೆ ಹಾಕಬಾರದು ಅಂತ ಸಮಿತಿಯ ಹುಡುಗರು ಕೇಳಿದರು. ಅಧಿಕೃತವಾಗಿ ಇಂಟೆಲ್ ಎಂಟನೇ ತಲೆಮಾರು, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್, ಸೆಕ್ಯೂರ್ ಬೂಟ್ ಬೇಕು; ಇದು ಐದನೇ ತಲೆಮಾರು. ರೂಫಸ್‌ನಲ್ಲಿ ತಪಾಸಣೆ ತಪ್ಪಿಸಿ ಪೆನ್ ಡ್ರೈವ್ ಮಾಡಬಹುದು, ಈ ಮಶೀನಿನಲ್ಲಿ ಓಡಲೂಬಹುದು. ಆದರೆ ಅಂಥ ಮಶೀನಿಗೆ ವರ್ಷದ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲ ಯಾರಾದರೂ ಕೂತು ಕೈಯಿಂದ ಹಾಕಬೇಕು. ಸ್ವಂತ ಮಶೀನಾದರೆ ಮಾಡಿಕೊಳ್ಳಿ. ಹತ್ತು ಕೈ ಬದಲಾಗುವ ಕಚೇರಿ ಮಶೀನಿಗೆ ನಾವು ಹಾಕುವುದಿಲ್ಲ. ಕೋರ್ 2 ಡ್ಯುಯೋದವರು ಯೋಚಿಸುವುದೇ ಬೇಡ, 24ಎಚ್2 ಕೇಳುವ ಪಾಪ್‌ಕೌಂಟ್ ಸೂಚನೆಯೇ ಆ ಪ್ರೊಸೆಸರಿನಲ್ಲಿಲ್ಲ.

ಹೊಸ ಆವೃತ್ತಿ ಬಂದ ಕೂಡಲೇ ಕಣ್ಣಿಗೆ ಬೀಳುವುದು ಕನ್ನಡ. ತುಂಗಾ ಫಾಂಟಿನಲ್ಲಿ ಮಾಡಿದ ಪತ್ರಗಳು ನಿರ್ಮಲಾದಲ್ಲಿ ತೆರೆದು ಸಾಲು, ಪುಟ ಎಲ್ಲ ಜರುಗಿದ್ದರೆ ಗಾಬರಿ ಬೇಡ. ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಭಾಗ: ಆ್ಯಪ್ಸ್ ಪುಟದ ಆಪ್ಷನಲ್ ಫೀಚರ್ಸಿನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿದರೆ ವಾಪಸ್ ಬರುತ್ತದೆ. ಹಳೆಯ ನುಡಿ ಫೈಲುಗಳ ಕಥೆ ಬೇರೆ. ಅವು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರ ಕೂರಿಸಿದವು. ಫಾಂಟ್ ಇಲ್ಲದಿದ್ದರೆ ಇಡೀ ಸಂಚಿಕೆ ತಲೆಬುಡವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಫಾಂಟ್ಸ್ ಫೋಲ್ಡರನ್ನು ಮೊದಲೇ ತೆಗೆದಿಟ್ಟದ್ದು ಇದಕ್ಕೆ. ಬೇಕಾದವನ್ನು ಬಲ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಟ್ಟರೆ ಆಯಿತು. ಉಳಿಸಬೇಕಾದ ಸಂಚಿಕೆಗಳನ್ನು ಒಮ್ಮೆ ಪಿಡಿಎಫ್ ಮಾಡಿಡುವುದು ಒಳ್ಳೆಯದು. ಯುನಿಕೋಡಿಗೆ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು. 'ಕಾರ್ಯ' 'ಸೂರ್ಯ' ಸರಿ ಬಂದಿವೆಯೋ ಅಂತ ಹುಡುಕಿದರೆ ಪರಿವರ್ತಕದ ಗುಣ ಅರ್ಧ ಗೊತ್ತಾಗುತ್ತದೆ.

ಬ್ರೌಸರು, ಇಮೇಲು, ಟೈಪಿಂಗು ಇಷ್ಟೇ ಕೆಲಸವಿರುವ ಇನ್ನೊಂದು ಮಶೀನಿಗೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಹಾಕಿದೆವು. ಅದಕ್ಕೆ 2029ರ ಏಪ್ರಿಲ್‌ವರೆಗೆ ಬೆಂಬಲವಿದೆ, 4 ಜಿಬಿ ರ‍್ಯಾಮ್ ಸಾಕು. ಬ್ರಾಡ್‌ಕಾಮ್ ವೈಫೈ ಇದ್ದರೆ ಮೊದಲಿಗೆ ನೆಟ್ ಸಿಗದಿರಬಹುದು. ಫೋನನ್ನು ಕೇಬಲಿನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆದರೆ ಅದೇ ಹುಡುಕಿ ಕೊಡುತ್ತದೆ. ಕೀಬೋರ್ಡ್ ಪಟ್ಟಿಯಲ್ಲಿ 'ಕನ್ನಡ, ಕಗಪ, ಫೊನೆಟಿಕ್' ಅಂತಿದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ಟ್ಯಾಲಿ ಇರುವ, ಡಿಜಿಟಲ್ ಸಹಿಯ ಟೋಕನ್ ಹಾಕಿ ರಿಟರ್ನ್ ಸಲ್ಲಿಸುವ ಹೋಟೆಲ್ ಕೌಂಟರಿನ ಮಶೀನಿಗೆ ಮಾತ್ರ ಇದನ್ನು ಹಾಕುವ ಸಾಹಸ ಬೇಡ. ಹಳೆಯ ಲೇಸರ್ ಪ್ರಿಂಟರ್ ಇದ್ದರೆ ಇನ್‌ಸ್ಟಾಲ್ ಮಾಡುವ ಮೊದಲೇ ಪೆನ್ ಡ್ರೈವಿನಿಂದ ಬೂಟ್ ಮಾಡಿ ಒಂದು ಪುಟ ಹೊಡೆದು ನೋಡಿ.

ಸಂಚಿಕೆಯ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಇರುವ ಮಶೀನಿನ ಪ್ರಶ್ನೆ ಉಳಿಯಿತು. ಪೇಜ್‌ಮೇಕರಿಗೆ ಯುನಿಕೋಡ್ ಗೊತ್ತಿಲ್ಲ, ಹಾಗಾಗಿ ಸಂಚಿಕೆ ಕಟ್ಟುವವರು ಹಳೇ ನುಡಿ ಫಾಂಟು ಬಿಡುವಂತಿಲ್ಲ, ಅದಿರುವ ಹಳೇ ಡೆಸ್ಕ್‌ಟಾಪನ್ನೂ ಬಿಡುವಂತಿಲ್ಲ. ಅದಕ್ಕೆ ಅಪ್‌ಡೇಟ್ ಹಾಕಲು ನಾವು ಹೋಗಲಿಲ್ಲ. ಲ್ಯಾನ್ ಕೇಬಲ್ ತೆಗೆದು, ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಡಿಸೇಬಲ್ ಮಾಡಿ, ಆಟೋಪ್ಲೇ ಆಫ್ ಮಾಡಿ, ಇಡೀ ಡಿಸ್ಕಿನ ಒಂದು ಇಮೇಜನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಟ್ಟೆವು. ಫೈಲುಗಳು ಪೆನ್ ಡ್ರೈವಿನಲ್ಲಿ ಹೋಗಿ ಬರುತ್ತವೆ, ಅದೂ ಅಪ್‌ಡೇಟ್ ಆದ ಲ್ಯಾಪ್‌ಟಾಪಿನಲ್ಲಿ ಡಿಫೆಂಡರ್ ಸ್ಕ್ಯಾನ್ ಆದ ಮೇಲೆ.